ದೇವೀರಮ್ಮನ ಎಲೆ

ನಮ್ಮೂರಲ್ಲಿ ಅಳತೆ ತಗೊಳ್ಳೋದಕ್ಕೆ ಮುಂಚೆ ದರ್ಜಿಯಾದವಳು ಒಂದು ಮಾತು ಕೇಳಲೇಬೇಕು: "ಎಲ್ಲಿ ನೋಯುತ್ತೆ?" ಟೇಪು ಕೈಗೆ ಬರೋದು ಆಮೇಲೆ. ನಮ್ಮಪ್ಪ ನನಗೆ ಮಿಷನ್ ತುಳಿಯೋದು ಕಲಿಸೋದಕ್ಕಿಂತ ಮೊದಲು ಇದನ್ನು ಕಲಿಸಿದ. ಬೇರೆ ಊರಿನ ದರ್ಜಿಗಳಿಗೆ ನಗು ಬಂದೀತು, ಬರಲಿ ಬಿಡಿ. ಅವರ ಗಿರಾಕಿಗಳಿಗೆಲ್ಲ ಒಂದು ಕತ್ತು, ಎರಡು ತೋಳು, ಎರಡು ಕಾಲು. ನನ್ನ ಅಂಗಡಿಯಲ್ಲಿ ಒಂದು ದಿನ ಕೂತು ನೋಡಲಿ, ಗೊತ್ತಾಗುತ್ತೆ. ನಾಗರ ಹೆಂಗಸರು ಬರ್ತಾರೆ, ಸೊಂಟದ ಕೆಳಗೆ ಲಂಗ ನಿಲ್ಲೋದೇ ಇಲ್ಲ, ಜಾರುತ್ತೆ. ಪೊರೆ ಬಿಡೋ ಸಮಯದಲ್ಲಿ ಲಾಡಿ ಸೋಕಿದರೂ ಅವರಿಗೆ ಉರಿ. ಕಿನ್ನರಿಯರು ಬರ್ತಾರೆ, ರೆಕ್ಕೆಯ ಬುಡಕ್ಕೆ ಬಟ್ಟೆ ತಾಗಬಾರದು, ಆದರೆ ಬೆನ್ನೂ ಕಾಣಬಾರದು. ರಕ್ಕಸರ ದ್ಯಾವಪ್ಪ ಬಂದ ಅಂದ್ರೆ ಅವನನ್ನು ಬೀದಿಯಲ್ಲೇ ಕೂರಿಸಿ, ಏಣಿ ಹಾಕಿ, ಭುಜದ ಅಳತೆ ತಗೋಬೇಕು. "ಮಾದೇವಕ್ಕಾ, ಕಚಗುಳಿ ಆಗುತ್ತೆ" ಅಂತ ಅವನು ನಕ್ಕರೆ ನಾನು ಏಣಿ ಸಮೇತ ಅಲ್ಲಾಡ್ತೀನಿ.

ಇಷ್ಟು ಗಿರಾಕಿಗಳಲ್ಲಿ ನನಗೆ ತುಂಬಾ ಬೇಕಾದವರು ದೇವೀರಮ್ಮ ಮತ್ತು ಚೌಡಮ್ಮ. ಅಕ್ಕ ತಂಗಿ. ಇಬ್ಬರಿಗೂ ಸೇರಿ ಒಂದೇ ಮೈ, ತಲೆ ಮಾತ್ರ ಎರಡು. ಎಡಗಡೆ ದೇವೀರಮ್ಮ, ಬಲಗಡೆ ಚೌಡಮ್ಮ. ಎಡಗೈ ದೇವೀರಮ್ಮ ಹೇಳಿದ ಹಾಗೆ ಕೇಳುತ್ತಿತ್ತು, ಬಲಗೈ ಚೌಡಮ್ಮ ಹೇಳಿದ ಹಾಗೆ. ಕಾಲುಗಳು ಮಾತ್ರ, ಪಾಪ, ಇಬ್ಬರ ಮಾತನ್ನೂ ಕೇಳಬೇಕಿತ್ತು. ಒಂದೇ ಹೊತ್ತಿಗೆ ಹುಟ್ಟಿದವರಲ್ಲಿ ಅಕ್ಕ ಯಾರು, ತಂಗಿ ಯಾರು ಅಂತ ನಾನು ಚಿಕ್ಕವಳಿದ್ದಾಗ ಒಂದು ಸಲ ಕೇಳಿದ್ದೆ. "ಹುಟ್ಟಿದ ಕೂಡಲೇ ಮೊದಲು ಅತ್ತವಳು ನಾನು, ಅದಕ್ಕೇ ನಾನು ಅಕ್ಕ. ಇವಳು ನನ್ನ ನೋಡಿ ಅತ್ತವಳು" ಅಂದಿದ್ದರು ದೇವೀರಮ್ಮ. ಚೌಡಮ್ಮ ಬರೀ ನಕ್ಕಿದ್ದರು. ಅವರು ಯಾವಾಗಲೂ ಹಾಗೇ. ಮಾತೆಲ್ಲ ಅಕ್ಕನದು, ನಗು ತಂಗಿಯದು.

ಇಬ್ಬರೂ ಕೆರೆ ಬೀದಿಯ ಮೂಲೆಯಲ್ಲಿ ಹೂ ಕಟ್ಟುತ್ತಿದ್ದರು. ಚೌಡಮ್ಮನ ಕೈಯಲ್ಲಿ ಮಲ್ಲಿಗೆ, ದೇವೀರಮ್ಮನ ಕೈಯಲ್ಲಿ ದಾರ. ತಂಗಿ ಹೂ ಜೋಡಿಸಬೇಕು, ಅಕ್ಕ ಸುತ್ತಿ ಗಂಟು ಹಾಕಬೇಕು. ಒಬ್ಬಳೇ ಹೆಂಗಸು ತನ್ನ ಎರಡು ಕೈಯಲ್ಲಿ ಕಟ್ಟೋದಕ್ಕಿಂತ ಬೇಗ ಕಟ್ಟುತ್ತಿದ್ದರು, ಅದೂ ಜಗಳ ಆಡುತ್ತಾ. ಅಕ್ಕನಿಗೆ ಕೋಪ ಬಂದರೆ ದಾರ ಬಿಟ್ಟು ಎಡಗೈಯಿಂದ ತಂಗಿಯ ಕಿವಿ ಹಿಂಡೋರು. ನೋವು ಇಬ್ಬರಿಗೂ ಆಗೋದು. "ತನಗೂ ನೋಯುತ್ತೆ ಅಂತ ಗೊತ್ತಿದ್ದೂ ಹಿಂಡ್ತಾಳಲ್ಲ, ಎಂಥ ಹಟಮಾರಿ ಇರಬೇಕು ಇವಳು!" ಅಂತ ಚೌಡಮ್ಮ ನನ್ನ ಹತ್ತಿರ ದೂರು ಹೇಳೋರು. ಹೇಳುವಾಗಲೂ ಮುಖದಲ್ಲಿ ನಗು.

ಈಗ ಕೂಡೂಟದ ವಿಷಯ ಹೇಳಬೇಕು. ವರ್ಷಕ್ಕೊಂದು ಸಲ ಇಡೀ ಊರು ಕೆರೆಯ ಏರಿ ಮೇಲೆ ಪಂಕ್ತಿ ಹಾಕಿ ಉಣ್ಣುತ್ತೆ. ಎಲ್ಲರಿಗೂ ಹೊಸಬಟ್ಟೆ, ನನಗೆ ಕೈತುಂಬಾ ಕೆಲಸ. ಆ ಊಟಕ್ಕೆ ಎರಡು ನಿಯಮ. ಕೊನೆಯವರ ಊಟ ಮುಗಿಯೋ ತನಕ ಯಾರೂ ಏಳಬಾರದು. ಊಟ ಮುಗೀತು ಅಂತ ಉಂಡವರೇ ತಮ್ಮ ಕೈಯಾರೆ ಎಲೆ ಮಡಚಬೇಕು, ಇನ್ನೊಬ್ಬರು ಅದನ್ನು ಮುಟ್ಟಬಾರದು. ನಾಗರು ಒಂದು ತುತ್ತು ನುಂಗೋಕೆ ಎಷ್ಟು ಹೊತ್ತು ಮಾಡ್ತಾರೆ ಅಂತ ನೋಡಿದವರಿಗೆ ಈ ನಿಯಮ ಯಾಕೆ ಅಂತ ಹೇಳಬೇಕಾಗಿಲ್ಲ. ದ್ಯಾವಪ್ಪ ಒಂದು ಹಂಡೆ ಅನ್ನವನ್ನು ಕಣ್ಣು ಮುಚ್ಚಿ ತೆಗೆಯೋದರೊಳಗೆ ಮುಗಿಸಿ, ಆಮೇಲೆ ಮಧ್ಯಾಹ್ನವೆಲ್ಲ ಕೈ ಒಣಗಿಸಿಕೊಂಡು ಕೂತಿರ್ತಾನೆ. ಬೇಜಾರಿಲ್ಲ ಅವನಿಗೆ. ನಮ್ಮೂರಿನ ಯಜಮಾನರು ಸುಬ್ಬಯ್ಯನವರು, ನಾಗರ ಪೈಕಿ, ಎಲ್ಲರಿಗಿಂತ ನಿಧಾನ ಅವರೇ. "ನಮ್ಮೂರಲ್ಲಿ ಯಾರೂ ಒಬ್ಬರೇ ಕೂತು ಉಣ್ಣಲ್ಲ" ಅಂತ ಅವರು ಪರ ಊರಿನವರ ಮುಂದೆ ಹೇಳುವಾಗ ಕತ್ತು ಇಷ್ಟೆತ್ತರ ಮಾಡ್ತಾರೆ. ಹೆಮ್ಮೆ ನನಗೂ ಇದೆ, ಇಲ್ಲ ಅನ್ನಲ್ಲ.

ದೇವೀರಮ್ಮ ಮಲಗಿದ್ದು ಹೋದ ವರ್ಷ, ಚಳಿ ಶುರುವಾಗೋ ಹೊತ್ತಿಗೆ. ಮೊದಮೊದಲು ಮಾತಿನ ಮಧ್ಯೆ ನಿಲ್ಲಿಸಿಬಿಡೋರು. ಆಮೇಲೆ ಗಂಟು ಹಾಕೋದು ಮರೆತರು, ಹೂವೆಲ್ಲ ಮಡಿಲಿಗೆ ಉದುರೋದು. ಒಂದು ಬೆಳಿಗ್ಗೆ ಎದ್ದಿದ್ದು ಚೌಡಮ್ಮ ಒಬ್ಬರೇ. ಪಕ್ಕದ ತಲೆ ಎದೆ ಮೇಲೆ ವಾಲಿತ್ತು, ಕಣ್ಣು ಮುಚ್ಚಿತ್ತು, ಎಡಗೈ ಶಕ್ತಿಯಿಲ್ಲದೆ ತೊಡೆ ಮೇಲೆ ಬಿದ್ದಿತ್ತು. ವೈದ್ಯರು ಬಂದು ರೆಪ್ಪೆ ಎತ್ತಿ ನೋಡಿದರು, ಹೆಸರು ಹಿಡಿದು ಕೂಗಿದರು, ದೀಪ ಹಿಡಿದರು. ಹೊರಗೆ ಬಂದು, "ಒಳಗೆ ಯಾರೂ ಇಲ್ಲ. ಇನ್ನು ಏಳಲ್ಲ" ಅಂದರು. ಆ ಮಾತು ಚೌಡಮ್ಮ ಕೇಳಿಸಿಕೊಂಡರು. ನಾವೂ ಕೇಳಿಸಿಕೊಂಡೆವು, ಆದರೆ ಒಪ್ಪಲಿಲ್ಲ.

ಒಪ್ಪೋದಾದರೂ ಹೇಗೆ ಹೇಳಿ? ಯಾರನ್ನೂ ಬಿಟ್ಟು ಉಣ್ಣದ ಊರು ನಮ್ಮದು. ಕೆನ್ನೆ ಮುಟ್ಟಿದರೆ ಬೆಚ್ಚಗಿದೆ, ಮೂಗಿನ ಹತ್ತಿರ ಕೈ ಇಟ್ಟರೆ ಉಸಿರು ಇದೆ. ಅವರಿಗೆ ಏಳೋಕೆ ಆಗಲ್ಲ ಅಂದ ಮಾತ್ರಕ್ಕೆ ಅವರು ಇಲ್ಲ ಅಂದುಬಿಡೋದಾ? ಹೀಗೆ ಅಂದುಕೊಂಡು ಊರಿಗೆ ಊರೇ ಟೊಂಕ ಕಟ್ಟಿ ನಿಂತಿತು. ಸುಬ್ಬಯ್ಯನವರು ದಿನಾ ಬೆಳಿಗ್ಗೆ ಬಂದು ದೇವೀರಮ್ಮನ ಕಿವಿಯ ಹತ್ತಿರ ಊರ ಸುದ್ದಿ ಹೇಳಿ ಹೋಗೋರು. ಕಿನ್ನರಿ ಹಂಸಕ್ಕ ಸಂಜೆ ಬಂದು ಹಾಡೋಳು, ಹೂ ಮುಡಿಸೋಳು. ಕಾಫಿ ಕೊಟ್ಟರೆ ಎರಡು ಲೋಟ. ಬೀದಿಯಲ್ಲಿ ಸಿಕ್ಕವರೆಲ್ಲ, "ದೇವೀರಕ್ಕಾ, ಚೆನ್ನಾಗಿದೀರಾ?" ಅಂತ ಮೊದಲು ಎಡಗಡೆಗೆ ಕೇಳಿ, ಆಮೇಲೆ ಬಲಗಡೆಗೆ ತಿರುಗಿ, "ಅಕ್ಕ ಹೇಗಿದ್ದಾರೆ?" ಅಂತ ಕೇಳೋರು. ಬಲಗಡೆಯವರನ್ನೂ ಎಡಗಡೆಯವರ ಬಗ್ಗೆಯೇ ಕೇಳಿದ ಹಾಗಾಯ್ತು ಅಂತ ಯಾರಿಗೂ ಹೊಳೆಯಲಿಲ್ಲ. ಚೌಡಮ್ಮ, "ಹಾಗೇ ಇದಾಳೆ" ಅನ್ನೋರು.

ಆ ಸಲದ ಕೂಡೂಟ ಮರೆಯೋ ಹಾಗಿಲ್ಲ. ಎಂದಿನ ಹಾಗೆ ಅಕ್ಕತಂಗಿಗೆ ಎರಡು ಎಲೆ ಹಾಕಿದರು, ಎರಡಕ್ಕೂ ಬಡಿಸಿದರು. ಚೌಡಮ್ಮ ಉಂಡು ತಮ್ಮ ಎಲೆ ಮಡಚಿದರು. ಸುಬ್ಬಯ್ಯನವರದೂ ಮುಗೀತು. ದೇವೀರಮ್ಮನ ಎಲೆ ಮಾತ್ರ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಯಾರೂ ಏಳಲಿಲ್ಲ. ಯಾರು ಏಳ್ತಾರೆ? ಎದ್ದರೆ ದೇವೀರಮ್ಮ ಉಂಡಾಯ್ತು ಅಂತ ಹೇಳಿದ ಹಾಗಲ್ಲವಾ? ಅವರ ಎಲೆ ಮಡಚೋಕೆ ನಾವ್ಯಾರು? ಬಿಸಿಲು ಇಳಿಯಿತು, ಪಾಯಸ ಕೆನೆಗಟ್ಟಿತು, ನೊಣ ಮುತ್ತಿತು. ಮಕ್ಕಳು ಕೂತಲ್ಲೇ ನಿದ್ದೆ ಹೋದವು. ಚೌಡಮ್ಮ ತಲೆ ತಗ್ಗಿಸಿ ಕೂತಿದ್ದರು, ಊರಿಗೆ ಊರೇ ತನ್ನಿಂದ ಕೂತಿದೆ ಅನ್ನೋ ನಾಚಿಕೆ ಅವರ ಕಿವಿಯವರೆಗೂ ಬಂದಿತ್ತು. ಕೊನೆಗೆ ಕೆರೆ ಕಡೆಯಿಂದ ಜೋರು ಗಾಳಿ ಬಂದು ಆ ಎಲೆಯನ್ನು ಮಗುಚಿ ಹಾಕಿತು. "ಎಲೆ ತಾನೇ ಎದ್ದಿತು, ನಾವೂ ಏಳಬಹುದು" ಅಂದರು ಸುಬ್ಬಯ್ಯನವರು. ಮನೆಗೆ ಹೋಗುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು, ನೋಡ್ರಪ್ಪಾ, ಇಂಥ ಊರು ಇನ್ನೆಲ್ಲಾದರೂ ಉಂಟಾ ಅಂತ.

ಆಮೇಲೆ ಒಂದು ವರ್ಷ ಹೀಗೇ ಕಳೆಯಿತು. ಈ ಸಲದ ಕೂಡೂಟ ಹತ್ತಿರ ಬಂದಾಗ ಚೌಡಮ್ಮ ಕುಪ್ಪಸ ಹೊಲಿಸೋಕೆ ಅಂತ ಅಂಗಡಿಗೆ ಬಂದರು. ಬಟ್ಟೆಯನ್ನು ಬಲಗೈಯಿಂದ ಮೇಜಿನ ಮೇಲೆ ಹಾಕಿ, ಅದೇ ಕೈಯಿಂದ ಅಕ್ಕನ ಗಲ್ಲ ಹಿಡಿದು ತಲೆ ಎತ್ತಿ, ಕುರ್ಚಿಯಲ್ಲಿ ಕೂತರು. ಕೈ ಬಿಟ್ಟರು, ತಲೆ ಮತ್ತೆ ಎದೆಗೆ ಬಿತ್ತು. ಮತ್ತೆ ಎತ್ತಿದರು. ಅದನ್ನು ಅವರು ಎಷ್ಟು ರೂಢಿಯಿಂದ ಮಾಡುತ್ತಿದ್ದರು ಅಂದರೆ ಮಾಡ್ತಿದೀನಿ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತೆ. ನಾನು ಟೇಪು ಕೊರಳಿಗೆ ಹಾಕಿಕೊಂಡು ರೂಢಿಯ ಮಾತು ಕೇಳಿದೆ. "ಎಲ್ಲಿ ನೋಯುತ್ತಕ್ಕಾ?"

ಅವರು ನನ್ನ ಮುಖ ನೋಡಿದರು. "ಯಾರನ್ನ ಕೇಳ್ತಿದೀಯ?"

"ನಿಮ್ಮನ್ನೇ."

"ನನ್ನನ್ನಾ?" ಅಂದರು. ಇನ್ನೊಂದು ಸಲ, "ನನ್ನನ್ನಾ, ಮಾದೇವಿ?" ಅಂದರು.

ಅವರ ಬೆನ್ನು ಮುಟ್ಟಿ ನೋಡಿದರೆ ಎರಡು ಕತ್ತಿನ ಮಧ್ಯೆ ಮಾಂಸ ಕಲ್ಲಾಗಿತ್ತು. ಒಂದು ವರ್ಷದಿಂದ ಆ ತಲೆಯ ಭಾರ ಹೊತ್ತು ಹೊತ್ತು ಎಡಭುಜ ಕೆಳಗಿಳಿದಿತ್ತು, ಬಲಗಡೆ ಪಕ್ಕೆ ಮೇಲೆದ್ದಿತ್ತು. ಮಲಗೋಕೆ ಆಗಲ್ಲವಂತೆ. ಮಗ್ಗುಲಾದರೆ ಅಕ್ಕನ ಮೂಗು ದಿಂಬಿಗೆ ಒತ್ತಿ ಉಸಿರು ಕಟ್ಟುತ್ತೆ, ಅದಕ್ಕೇ ಗೋಡೆಗೆ ಒರಗಿ ಕೂತೇ ನಿದ್ದೆಯಂತೆ. ಅಯ್ಯೋ ದೇವರೇ! ಇಷ್ಟು ಜನ ದಿನಾ ಆ ಮನೆಗೆ ಹೋಗಿಬರ್ತಾರೆ, ಹಾಡ್ತಾರೆ, ಸುದ್ದಿ ಹೇಳ್ತಾರೆ, ಎರಡು ಲೋಟ ಕಾಫಿ ಇಡ್ತಾರೆ, ಒಂದು ದಿಂಬು ಇಟ್ಟುಕೊಡೋಕೆ ಯಾರಿಗೂ ತೋಚಲಿಲ್ಲವಲ್ಲ. ನನಗೆ ಊರಿನ ಮೇಲೆ ಕೋಪ ಬಂತು. ಹಾಳಾದ ಹೆಮ್ಮೆ ನಮ್ಮದು ಅಂತ ಗಟ್ಟಿಯಾಗಿಯೇ ಬೈದೆ.

"ಬೈಬೇಡ ಕಣೆ. ಎಲ್ಲ ಒಳ್ಳೆಯವರೇ" ಅಂದರು ಚೌಡಮ್ಮ. "ಕತ್ತು ನೋವು ಬಿಡು, ಹೇಗೋ ತಡ್ಕೋತೀನಿ. ನಂಗೆ ಅಳಬೇಕು ಮಾದೇವಿ. ಅಳೋಕೆ ಬಿಡಲ್ಲ ಇವರು. ಕಣ್ಣಲ್ಲಿ ನೀರು ಬಂದರೆ ಸಾಕು, ಶ್, ಅಕ್ಕ ಕೇಳಿಸ್ಕೋತಾರೆ, ಅಕ್ಕನಿಗೆ ಬೇಜಾರಾಗುತ್ತೆ ಅಂತಾಳೆ ಹಂಸ. ಅವಳು ಬೆಚ್ಚಗಿದಾಳಲ್ಲ, ಯಾಕಳ್ತೀಯ ಅಂತಾರೆ ಉಳಿದವರು." ಅಕ್ಕನ ಕೆನ್ನೆ ಮೇಲೆ ಕೈಯಿಟ್ಟರು. "ಈ ಬಿಸಿ ನಂದು ಕಣೆ. ಉಸಿರೂ ನಂದೇ. ಅವಳದು ಇದ್ದಿದ್ದು ಬೇರೆ. ನಾನು ಕನಸಲ್ಲಿ ಬೆಚ್ಚಿದರೆ ಅವಳಿಗೆ ಎಚ್ಚರ ಆಗೋದು. ನಾನು ಏನಾದರೂ ಹೇಳಬೇಕು ಅಂದುಕೊಂಡರೆ ಅವಳು ಹೇಳಿ ಮುಗಿಸಿರೋಳು. ಅದು ಆ ಬೆಳಿಗ್ಗೆಯೇ ಹೋಯ್ತು. ನನಗೆ ಗೊತ್ತು, ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ನಮ್ಮಕ್ಕ ಸತ್ತು ಒಂದು ವರ್ಷ ಆಯ್ತು, ನಾನಿನ್ನೂ ಒಂದು ಸಲ ಅತ್ತಿಲ್ಲ."

ನನಗೇ ಅಳು ತಡೆಯೋಕಾಗಲಿಲ್ಲ. ಅವರು ಮಾತ್ರ ಆಗಲೂ ಅಳಲಿಲ್ಲ. ಬಾಗಿಲ ಕಡೆ ನೋಡಿದರು, ಯಾರಾದರೂ ಬಂದು ಶ್ ಅಂದಾರು ಅಂತ.

ಅವರು ಹೋದ ಮೇಲೆ ಅಂಗಡಿ ಬಾಗಿಲು ಎಳೆದುಕೊಂಡು ನೆಟ್ಟಗೆ ಸುಬ್ಬಯ್ಯನವರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಸುರುಳಿ ಸುತ್ತಿಕೊಂಡು ಬಿಸಿಲು ಕಾಯಿಸುತ್ತಿದ್ದರು. ಎಲ್ಲ ಹೇಳಿದೆ. ಈ ಸಲ ದೇವೀರಮ್ಮನಿಗೆ ಎಲೆ ಹಾಕಬೇಡಿ, ಅವರು ಹೋದರು ಅಂತ ನೀವೇ ಒಂದು ಮಾತು ಹೇಳಿಬಿಡಿ, ಆ ಹೆಂಗಸು ಎದೆ ಹಗುರ ಮಾಡಿಕೊಳ್ಳಲಿ ಅಂತ ಬೇಡಿಕೊಂಡೆ. ಅವರು ಸುರುಳಿ ಬಿಚ್ಚಿ ಕತ್ತೆತ್ತಿದರು.

"ಮಾದೇವಿ, ನಾನು ಚಿಕ್ಕವನಿದ್ದಾಗ ನನ್ನ ಎಲೆಯನ್ನ ಯಾರೋ ಎತ್ತಿಬಿಟ್ಟರು" ಅಂದರು. "ಇವನದು ಆಯ್ತು ಬಿಡು, ಎಷ್ಟು ಹೊತ್ತು ಕಾಯೋದು ಅಂತ. ನನ್ನ ಬಾಯಲ್ಲಿ ಇನ್ನೂ ತುತ್ತಿತ್ತು. ಅವತ್ತಿನ ಹಸಿವು ಇವತ್ತಿಗೂ ನೆನಪಿದೆ ನನಗೆ. ಇನ್ನೊಬ್ಬರದು ಆಯ್ತು ಅಂತ ನನ್ನ ಬಾಯಿಂದ ಹೇಳಿಸಬೇಡಮ್ಮ. ನಾಳೆ ಇನ್ಯಾರೋ ಬಂದು, ಈ ಮುದುಕ ಮಾತಾಡಲ್ಲ, ಇವನದೂ ಆಯ್ತು ಅಂತಾರೆ. ಅವರವರ ಎಲೆ ಅವರವರೇ ಮಡಚಬೇಕು."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಿದ್ದಿದ್ದರೆ ಜಗಳವಾದರೂ ಆಡುತ್ತಿದ್ದೆ. ಹೋದ ದಾರಿಯಲ್ಲೇ ವಾಪಸ್ ಬಂದು, ಚೌಡಮ್ಮನ ಮನೆಗೆ ಹೋಗಿ ನಡೆದಿದ್ದನ್ನು ಹೇಳಿದೆ. ಅವರು ಹೂಂ ಅಂದರು. ಅಕ್ಕನ ಕೈಯನ್ನು ಒಮ್ಮೆ ಎತ್ತಿ ನೋಡಿ, "ಕುಪ್ಪಸದ ಎಡತೋಳು ಎಷ್ಟು ಸಡಿಲ ಇಡ್ತೀಯ?" ಅಂತ ಕೇಳಿದರು.

"ಅದು ಅಲ್ಲಾಡದ ಕೈ ಅಲ್ಲವಾ ಅಕ್ಕಾ, ಬಿಗಿಯಾಗಿ ಮೈಗೆ ಸೇರಿಸಿ ಹೊಲಿದರೆ ಜೋತು ಬೀಳಲ್ಲ, ನಿಮಗೆ ಭಾರ ಕಡಿಮೆ ಆಗುತ್ತೆ."

"ಬೇಡ. ಸಡಿಲವಾಗಿಯೇ ಇಡು. ಕಂಕುಳಲ್ಲಿ ಹಿಡೀಬಾರದು. ಆ ಕೈ ಮುಂದಕ್ಕೆ ಚಾಚಿದರೆ ನೆಲದ ತನಕ ಬರಬೇಕು."

ಯಾಕೆ ಅಂತ ನನಗೆ ಅರ್ಥವಾಗಲಿಲ್ಲ, ಆದರೆ ಹೇಳಿದ ಹಾಗೆ ಹೊಲಿದೆ. ಕಂಕುಳಿಗೆ ಒಂದು ಪಟ್ಟಿ ಹೆಚ್ಚಿಗೆ ಕೊಟ್ಟೆ. ಎರಡು ಕತ್ತಿನ ಮಧ್ಯೆ ಬೂರುಗದ ಅರಳೆ ತುಂಬಿ ಒಂದು ಪುಟ್ಟ ದಿಂಬು ಮಾಡಿ ಕುಪ್ಪಸಕ್ಕೇ ಸೇರಿಸಿದೆ, ಅಕ್ಕನ ಕೆನ್ನೆ ಅಲ್ಲಿ ಒರಗೋ ಹಾಗೆ. ಅದನ್ನು ತೊಟ್ಟಾಗ ಚೌಡಮ್ಮನ ಬಲಗೈ ಒಂದು ವರ್ಷದಲ್ಲಿ ಮೊದಲ ಸಲ ಸುಮ್ಮನೆ ಮಡಿಲಲ್ಲಿ ಕೂತಿತು. ಆ ಕೈಯಲ್ಲಿ ಏನು ಮಾಡಬೇಕು ಅಂತ ತಿಳಿಯದೆ ಅವರು ಅದನ್ನೇ ನೋಡುತ್ತಾ ಕೂತರು.

ಕೂಡೂಟದ ದಿನ ಬಂತು. ಏರಿಯ ಮೇಲೆ ಪಂಕ್ತಿ, ಕೊನೆಯಲ್ಲಿ ಗುಡ್ಡ ಕೂತ ಹಾಗೆ ದ್ಯಾವಪ್ಪ, ನಾಗರಿಗೆ ತಗ್ಗಿನಲ್ಲಿ ಮರಳು ಹಾಸಿದ ಜಾಗ, ಕಿನ್ನರಿಯರಿಗೆ ಬೆನ್ನ ಹಿಂದೆ ರೆಕ್ಕೆ ಬಿಚ್ಚುವಷ್ಟು ಬಯಲು. ನಾನು ಚೌಡಮ್ಮನ ಬಲಕ್ಕೆ ಕೂತೆ. ಹಂಸಕ್ಕ ಎಡಕ್ಕೆ ಕೂತಳು, ದೇವೀರಮ್ಮನ ಮುಡಿಗೆ ಅವಳೇ ಕನಕಾಂಬರ ಮುಡಿಸಿದ್ದಳು. ಎರಡು ಎಲೆ ಹಾಕಿದರು. ಕೋಸಂಬರಿ, ಪಲ್ಯ, ಅನ್ನ, ಸಾರು, ಹೆಸರುಬೇಳೆ ಪಾಯಸ, ಎರಡಕ್ಕೂ ಸಮಸಮವಾಗಿ ಬಡಿಸಿದರು. ಎಲ್ಲರೂ ಉಣ್ಣೋಕೆ ಶುರು ಮಾಡಿದರು. ಚೌಡಮ್ಮ ತಮ್ಮ ಎಲೆಯನ್ನೂ ಮುಟ್ಟಲಿಲ್ಲ.

ಒಬ್ಬೊಬ್ಬರೇ ಎಲೆ ಮಡಚಿದರು. ಸುಬ್ಬಯ್ಯನವರ ಕೊನೆಯ ತುತ್ತೂ ಗಂಟಲಿಳಿಯಿತು. ಎಲ್ಲರೂ ಹೋದ ವರ್ಷದ ಹಾಗೆ ಕಾಯೋಕೆ ಸಿದ್ಧರಾಗಿ ಕೈಕಟ್ಟಿ ಕೂತರು. ಕೆಲವರು ಗಾಳಿ ಬರುತ್ತಾ ಅಂತ ಕೆರೆ ಕಡೆ ನೋಡಿದರು. ಗಾಳಿ ಇರಲಿಲ್ಲ.

"ಎಲ್ಲರೂ ಕೇಳಿ" ಅಂದರು ಚೌಡಮ್ಮ. ಅವರ ದನಿ ಅಷ್ಟು ಗಟ್ಟಿ ಇದೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. "ನಮ್ಮಕ್ಕ ಎಲೆ ಮಡಚ್ತಾಳೆ."

ಅಂದವರೇ ಬಲಗೈಯಿಂದ ಎಡಗೈಯ ಮಣಿಕಟ್ಟು ಹಿಡಿದರು. ಆ ಕೈಯನ್ನು ಮಡಿಲಿಂದ ಎತ್ತಿ ಮುಂದಕ್ಕೆ ಚಾಚಿದರು. ತೋಳು ಎಲ್ಲೂ ಹಿಡಿಯಲಿಲ್ಲ, ನಾನು ಉಸಿರು ಬಿಟ್ಟೆ. ದೇವೀರಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಲೆಯ ಅಂಚಿನ ಮೇಲೆ ಇಟ್ಟರು. ದಾರ ಸುತ್ತಿ ಸುತ್ತಿ ಗೆರೆ ಬಿದ್ದಿದ್ದ ಬೆರಳು ಅವು. ಜಾರಿದವು. ಮತ್ತೆ ಇಟ್ಟರು. ಹಂಸಕ್ಕ ಸಹಾಯಕ್ಕೆ ಕೈ ಚಾಚಿದಳು, ಚೌಡಮ್ಮ, "ಮುಟ್ಟಬೇಡ. ಅವಳೇ ಮಾಡ್ಲಿ" ಅಂದರು. ಆ ಕೈಯ ಮೇಲೆ ತಮ್ಮ ಕೈಯಿಟ್ಟು ಎಲೆಯನ್ನು ನಿಧಾನವಾಗಿ ಮಡಚಿದರು. ಪಾಯಸ ಹೊರಗೆ ಹರಿದು ಎರಡು ಕೈಯೂ ಅಂಟಾಯಿತು.

"ಅವಳ ಊಟ ಆಯ್ತು" ಅಂದರು. "ಹೋದ ವರ್ಷವೇ ಆಗಿತ್ತು."

ನಾನು ಸುಬ್ಬಯ್ಯನವರ ಕಡೆ ನೋಡಿದೆ, ಅವರು ಆ ಮಡಚಿದ ಎಲೆಯನ್ನೇ ನೋಡುತ್ತಿದ್ದರು. ಉಂಡವರ ಕೈಯೇ ಮಡಚಿದೆ, ಊರಿಗೆ ಊರೇ ನೋಡಿದೆ. ಅವರು ಕಣ್ಣು ಮುಚ್ಚಿ ಕತ್ತು ತಗ್ಗಿಸಿದರು. ಆಮೇಲೆ ಅದನ್ನು ನೋಡಿ ಇಡೀ ಪಂಕ್ತಿಯೇ ತಲೆ ತಗ್ಗಿಸಿತು. ಪಾಪ ದ್ಯಾವಪ್ಪನಿಗೆ ಎಲ್ಲ ಮುಗೀತು ಅನ್ನಿಸಿರಬೇಕು, ಕಣ್ಣೊರೆಸಿಕೊಳ್ಳುತ್ತಾ ಏಳೋಕೆ ಹೊರಟ.

"ಕೂತ್ಕೋ ದ್ಯಾವಪ್ಪ" ಅಂದರು ಸುಬ್ಬಯ್ಯನವರು. "ಚೌಡಮ್ಮನ ಊಟ ಇನ್ನೂ ಆಗಿಲ್ಲ."

ದ್ಯಾವಪ್ಪ ಹಾಗೇ ಕೂತ, ನೆಲ ಒಂದು ಸಲ ಅದುರಿತು. ಚೌಡಮ್ಮ ತಮ್ಮ ಎಲೆ ನೋಡಿದರು, ಪಂಕ್ತಿಯ ಉದ್ದಕ್ಕೂ ಇದ್ದ ಮುಖಗಳನ್ನು ನೋಡಿದರು. ಅಕ್ಕನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಆರಿಹೋದ ಅನ್ನ ಕಲಸಿ, ಒಂದು ತುತ್ತು ಬಾಯಿಗಿಟ್ಟರು. ಅದು ಒಳಗೆ ಹೋಗಲಿಲ್ಲ. ಆಗ ಬಂತು ನೋಡಿ ಅಳು. ಒಂದು ವರ್ಷದ ಅಳು, ಬಾಯಿ ತುಂಬಾ ಅನ್ನ ಇಟ್ಟುಕೊಂಡು ಮಗು ಅತ್ತ ಹಾಗೆ ಅತ್ತರು. ಹುಟ್ಟಿದಾಗ ಅಕ್ಕನನ್ನು ನೋಡಿ ಅತ್ತವರು, ಈಗ ಮುಂದಾಗಿ ಅಳೋಕೆ ಅಕ್ಕ ಇರಲಿಲ್ಲ. ಎಡಗಡೆಯ ತಲೆ ಆ ಅಳುವಿಗೆ ಅಲ್ಲಾಡುತ್ತಿತ್ತು, ದಿಂಬಿನ ಮೇಲೆ, ಕಣ್ಣು ಮುಚ್ಚಿಕೊಂಡು.

ಹಂಸಕ್ಕನ ತುಟಿ ಶ್ ಅನ್ನೋಕೆ ಕೂಡಿತು. ನಾನು ಹಿಂದಿನಿಂದ ಕೈಚಾಚಿ ಅವಳ ರೆಕ್ಕೆಯ ತುದಿ ಹಿಡಿದೆ. ಅವಳು ನನ್ನನ್ನು ನೋಡಿದಳು, ತುಟಿ ಬಿಟ್ಟಳು, ಅವಳೂ ಅತ್ತಳು.

ಯಾರೂ ಏಳಲಿಲ್ಲ. ಯಾರೂ ಸಮಾಧಾನ ಹೇಳಲಿಲ್ಲ. ಚೌಡಮ್ಮ ಒಂದು ತುತ್ತು ತಿನ್ನೋರು, ಅಳೋರು, ಕಣ್ಣೊರೆಸಿ ಇನ್ನೊಂದು ತುತ್ತು ಕಲಸೋರು. ಬಿಸಿಲು ಇಳಿದು ಕೆರೆಯ ನೀರು ಕೆಂಪಾಯಿತು, ಆದರೂ ಅವರ ಎಲೆಯಲ್ಲಿ ಅನ್ನ ಇನ್ನೂ ಇತ್ತು. ಸುಬ್ಬಯ್ಯನವರು ಒಮ್ಮೆ ಮಾತ್ರ, "ನಿಧಾನಕ್ಕೆ ಊಟ ಮಾಡಮ್ಮ" ಅಂದರು. ನಾವೆಲ್ಲ ಕೂತೇ ಇದ್ದೆವು.